ಫೈಲ್ ಅಲ್ಲೇ ಉಂಟು, ಆದರೂ ಸಿಗುವುದಿಲ್ಲ

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯಿಂದ ಫೋನ್ ಬಂತು. ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಾಷ್ಟ್ರು. ಈಗ ನಿವೃತ್ತರು. ಅಟ್ಟದಲ್ಲಿರುವ ಹಳೆಯ ಯಕ್ಷಗಾನ ಪ್ರಸಂಗಗಳ ಪುಸ್ತಕಗಳನ್ನು ಗೆದ್ದಲು ತಿನ್ನುವ ಮೊದಲು ಸ್ಕ್ಯಾನ್ ಮಾಡಿ, ಆ ಚಿತ್ರಗಳಿಂದ ಅಕ್ಷರ ತೆಗೆಯುವ ಕೆಲಸಕ್ಕೆ ಕೂತಿದ್ದಾರೆ. ಅದಕ್ಕೆ ಟೆಸರಾಕ್ಟ್ ಎಂಬ ಸಾಫ್ಟ್‌ವೇರ್ ಬೇಕು. 1985ರ ಹೊತ್ತಿಗೆ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಓಪನ್ ಸೋರ್ಸ್ ಆಗಿ, ಈಗ ಕನ್ನಡವನ್ನೂ ಓದುವ ಪ್ರೋಗ್ರಾಮ್ ಅದು.

ಕೇರಳದ ಶಾಲೆಗಳ ಕಂಪ್ಯೂಟರ್ ಲ್ಯಾಬುಗಳಲ್ಲಿ ಲಿನಕ್ಸ್ ಬಂದು ಎಷ್ಟೋ ವರ್ಷ ಆಯಿತು. ಹಾಗಾಗಿ ಕಾಸರಗೋಡಿನ ಕನ್ನಡ ಮಾಷ್ಟ್ರುಗಳಿಗೆ ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಅಂದರೆ ಭಯ ಇಲ್ಲ. ಇವರದ್ದೂ ಲಿನಕ್ಸೇ, ಉಬುಂಟು 22.04. ಅದರ ಜೊತೆ ಬರುವ ಟೆಸರಾಕ್ಟ್ 4.1.1. ಇವರಿಗೆ ಹೊಸದು, ಅಂದರೆ 5 ಬೇಕಿತ್ತು. ಸೋರ್ಸ್, ಅಂದರೆ ಮೂಲ ಕೋಡು, ಇಳಿಸಿಕೊಂಡು ತಾವೇ ಕಂಪೈಲ್ ಮಾಡಿದ್ದಾರೆ, ಅಂದರೆ ಓಡುವ ಪ್ರೋಗ್ರಾಮಾಗಿ ಕಟ್ಟಿದ್ದಾರೆ.

"ಕಾನ್ಫಿಗರ್ ಆಯಿತು, ಮೇಕ್ ಆಯಿತು, ಮೇಕ್ ಇನ್‌ಸ್ಟಾಲ್ ಆಯಿತು. ಒಂದು ಎರರ್ ಇಲ್ಲ. ಓಡಿಸಿದರೆ ಮಾತ್ರ ಫೈಲ್ ಇಲ್ಲ ಅಂತದೆ. ಫೈಲ್ ಅಲ್ಲೇ ಉಂಟು ಮಾರಾಯ! ನನ್ನ ಕಣ್ಣಿಗೆ ಕಾಣ್ತದೆ!"

ಅವರಿಗೆ ಕಂಡ ಸಾಲು ಇದು: "ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಟೆಸರಾಕ್ಟ್.ಎಸ್‌ಒ.5: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ." ಫೋನಿನಲ್ಲಿ ಓದಿ ಹೇಳಿದ್ದು ಹೀಗೆಯೇ. ನಾನೂ ಇಲ್ಲಿ ಆಜ್ಞೆಗಳನ್ನು, ಫೋಲ್ಡರುಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ.

ಸೋರ್ಸಿನಿಂದ ಸಾಫ್ಟ್‌ವೇರ್ ಕಟ್ಟಿಕೊಂಡವರಲ್ಲಿ ಈ ಸಾಲು ನೋಡದವರು ಕಡಿಮೆ. ನೋಡಿದ ಮೇಲೆ ಏನು ಮಾಡುತ್ತೇವೆ? ಇನ್ನೊಮ್ಮೆ ಇನ್‌ಸ್ಟಾಲ್ ಮಾಡುತ್ತೇವೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುತ್ತೇವೆ. ಆ ಫೈಲನ್ನು ಕಂಡಕಂಡ ಫೋಲ್ಡರಿಗೆ ಕಾಪಿ ಮಾಡುತ್ತೇವೆ. ಮಾಷ್ಟ್ರು ಮೂರೂ ಮಾಡಿ ಮುಗಿಸಿದ್ದರು. ಒಂದು ಕಾಲದಲ್ಲಿ ನಾನೂ ಮಾಡಿದ್ದೆ.

ಮೊದಲು ತಿಳಿಯಬೇಕಾದದ್ದು, ಆ ಮಾತು ಹೇಳುತ್ತಿರುವುದು ಟೆಸರಾಕ್ಟ್ ಅಲ್ಲ. ಟೆಸರಾಕ್ಟ್ ಇನ್ನೂ ಶುರುವೇ ಆಗಿಲ್ಲ. ಅದರ ಬಾಗಿಲಲ್ಲಿ ಇನ್ನೊಬ್ಬ ನಿಂತಿದ್ದಾನೆ, ಲೋಡರ್ ಅಂತ. ಸಾಮಾನ್ಯ ಕಂಪ್ಯೂಟರಿನಲ್ಲಿ ಅವನ ಪೂರ್ತಿ ಹೆಸರು ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಒ.2. ನೀವು ಪ್ರೋಗ್ರಾಮಿನ ಹೆಸರು ಹೇಳಿ ಎಂಟರ್ ಒತ್ತಿದ ಕೂಡಲೇ ಕರ್ನಲ್, ಅಂದರೆ ಸಿಸ್ಟಮ್ಮಿನ ತಿರುಳು, ಮೊದಲು ಇವನನ್ನು ಕರೆಯುತ್ತದೆ. ಪ್ರೋಗ್ರಾಮಿಗೆ ಬೇಕಾದ ಸಾಮಾನೆಲ್ಲ ಹುಡುಕಿ ತಂದು ಜೋಡಿಸಿಟ್ಟ ಮೇಲೆಯೇ ಪ್ರೋಗ್ರಾಮಿನ ಮೊದಲ ಸಾಲು ಓಡುವುದು. ಹುಡುಕಿದ್ದು ಸಿಗದೆ ಕೈಚೆಲ್ಲಿದಾಗ ಅವನು ಹೇಳುವ ಮಾತೇ ಆ ಎರರ್. "ಫೈಲ್ ಇಲ್ಲ" ಅಂದರೆ "ನಾನು ನೋಡಿದ ಜಾಗಗಳಲ್ಲಿ ಇಲ್ಲ" ಅಂತ ಅರ್ಥ. ಎಲ್ಲೂ ಇಲ್ಲ ಅಂತ ಅಲ್ಲ.

ಹಾಗಾದರೆ ಎಲ್ಲಿ ನೋಡುತ್ತಾನೆ? ಯಾವ ಹೆಸರು ಹಿಡಿದು ನೋಡುತ್ತಾನೆ? ತಲೆನೋವೆಲ್ಲ ಈ ಎರಡು ಪ್ರಶ್ನೆಯೊಳಗೇ ಇದೆ.

ಶೇರ್ಡ್ ಲೈಬ್ರರಿ ಅಂದರೇನು ಅಂತ ಮಾಷ್ಟ್ರಿಗೆ ನಾನು ಜಂಬ್ರದ ಲೆಕ್ಕದಲ್ಲಿ ಹೇಳಿದೆ. ಐನೂರು ಜನರ ಊಟಕ್ಕೆ ಬೇಕಾಗುವ ದೊಡ್ಡ ಪಾತ್ರೆಗಳನ್ನು ಪ್ರತಿ ಮನೆಯಲ್ಲೂ ಇಟ್ಟುಕೊಳ್ಳುವುದಿಲ್ಲ, ಅಲ್ವಾ? ದೇವಸ್ಥಾನದ್ದೋ ಸಂಘದ್ದೋ ಒಂದು ಸೆಟ್ ಇರುತ್ತದೆ. ಯಾರ ಮನೆಯಲ್ಲಿ ಜಂಬ್ರವೋ ಅವರು ತರುತ್ತಾರೆ. ಪ್ರೋಗ್ರಾಮುಗಳದ್ದೂ ಹಾಗೆಯೇ. ಚಿತ್ರ ತೆರೆಯುವ ಕೋಡು, ಜಿಪ್ ಬಿಚ್ಚುವ ಕೋಡು, ಎಲ್ಲರಿಗೂ ಬೇಕಾದ ಸಿ ಭಾಷೆಯ ಮೂಲ ಕೋಡು, ಇವನ್ನೆಲ್ಲ ಪ್ರತಿಯೊಂದರ ಹೊಟ್ಟೆಯೊಳಗೆ ತುಂಬುವ ಬದಲು ಒಂದೇ ಕಡೆ ಎಸ್‌ಒ ಫೈಲಾಗಿ ಇಡುತ್ತಾರೆ. ಡಿಸ್ಕ್ ಉಳಿಯುತ್ತದೆ, ಮೆಮೊರಿ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಲೈಬ್ರರಿಯಲ್ಲಿ ಭದ್ರತೆಯ ತೂತು ಕಂಡರೆ ಅದೊಂದನ್ನು ಬದಲಾಯಿಸಿದರೆ ಸಾಕು, ಅದನ್ನು ಬಳಸುವ ನೂರು ಪ್ರೋಗ್ರಾಮೂ ಸರಿಯಾಗುತ್ತವೆ.

ಪಾತ್ರೆ ಎಲ್ಲಿದೆ ಅಂತ ಬರೆದಿಡುವ ಒಂದು ಪುಸ್ತಕವೂ ಇರುತ್ತದೆ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಮಾಷ್ಟ್ರು ಆಗ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಅಲ್ಲ, ಕಂಪೈಲ್ ಮಾಡುವಾಗ ಈ ಲೈಬ್ರರಿ ಅದಕ್ಕೆ ಸಿಕ್ಕಿತ್ತಲ್ಲ? ಆಗ ಸಿಕ್ಕಿದ್ದು ಈಗ ಎಂತಕ್ಕೆ ಸಿಗುದಿಲ್ಲ?"

ಹೆಚ್ಚಿನವರು ಎಡವುವುದು ಇಲ್ಲೇ. ಕಟ್ಟುವಾಗ ಹುಡುಕುವವನು ಬೇರೆ, ಓಡಿಸುವಾಗ ಹುಡುಕುವವನು ಬೇರೆ. ಕಟ್ಟುವಾಗಿನವನು ಲಿಂಕರ್. ಅವನಿಗೆ ಹೈಫನ್ ದೊಡ್ಡ ಎಲ್ ಹಾಕಿ ಯಾವ ಫೋಲ್ಡರ್ ಬೇಕಾದರೂ ತೋರಿಸಬಹುದು. ತೋರಿಸದಿದ್ದರೂ ಸಾಮಾನ್ಯವಾಗಿ /ಯುಎಸ್ಆರ್/ಲೋಕಲ್/ಲಿಬ್ ಅವನ ದಾರಿಯಲ್ಲೇ ಇರುತ್ತದೆ. ಓಡಿಸುವಾಗಿನ ಲೋಡರಿಗೆ ಅದು ತಾನಾಗಿ ಗೊತ್ತಿಲ್ಲ. ಅವನಿಗೆ ಹುಟ್ಟಿನಿಂದ ಗೊತ್ತಿರುವುದು /ಲಿಬ್ ಮತ್ತು /ಯುಎಸ್ಆರ್/ಲಿಬ್, 64 ಬಿಟ್ ಆದರೆ ಅವುಗಳ ಲಿಬ್64 ಜೋಡಿ. ಮತ್ತೆ ಲಿಂಕರ್ ತಾನು ಕಂಡ ಫೋಲ್ಡರಿನ ವಿಳಾಸವನ್ನು ಪ್ರೋಗ್ರಾಮಿನಲ್ಲಿ ಬರೆದಿಡುವುದೂ ಇಲ್ಲ. ಬರೆಯುವುದು ಬರೀ ಹೆಸರು, "ನನಗೆ ಲಿಬ್‌ಟೆಸರಾಕ್ಟ್.ಎಸ್‌ಒ.5 ಬೇಕು" ಅಂತ ಅಷ್ಟೇ.

"ಕಂಪೈಲ್ ಮಾಡಿದ ಫೋಲ್ಡರಿನೊಳಗೆ ಹೋಗಿ ಓಡಿಸಿದರೆ ಓಡ್ತದೆ," ಅಂತಲೂ ಮಾಷ್ಟ್ರು ಹೇಳಿದರು. ಅದು ಇನ್ನೊಂದು ಮೋಜು. ಆ ಫೋಲ್ಡರಿನಲ್ಲಿ ಟೆಸರಾಕ್ಟ್ ಅಂತ ಕಾಣುವುದು ನಿಜವಾದ ಪ್ರೋಗ್ರಾಮೇ ಅಲ್ಲ. ಲಿಬ್‌ಟೂಲ್ ಎಂಬ ಸಲಕರಣೆ ಬರೆದಿಟ್ಟ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್, ಅಂದರೆ ಟರ್ಮಿನಲಿನಲ್ಲಿ ನಮ್ಮ ಆಜ್ಞೆ ಓದುವ ಶೆಲ್ಲಿಗೆ ಬರೆದಿಟ್ಟ ಆಜ್ಞೆಗಳ ಪಟ್ಟಿ. ಲೈಬ್ರರಿ ಎಲ್ಲಿದೆ ಅಂತ ಲೋಡರಿಗೆ ಕಿವಿಯಲ್ಲಿ ಹೇಳಿ, ಆಮೇಲೆ .ಲಿಬ್ಸ್ ಎಂಬ ಅಡಗಿದ ಫೋಲ್ಡರಿನಲ್ಲಿರುವ ನಿಜವಾದದ್ದನ್ನು ಓಡಿಸುತ್ತದೆ. ಇನ್‌ಸ್ಟಾಲ್ ಆದ ಮೇಲೆ ಕಿವಿಯಲ್ಲಿ ಹೇಳುವವರು ಯಾರೂ ಇಲ್ಲ. ಸಿಮೇಕ್ ಎಂಬ ಇನ್ನೊಂದು ಸಲಕರಣೆಯಲ್ಲಿ ಕಟ್ಟುವ ಸಾಫ್ಟ್‌ವೇರುಗಳಲ್ಲೂ ಇದೇ ಅನುಭವ, ದಾರಿ ಮಾತ್ರ ಬೇರೆ. ಅದು ಕಟ್ಟುವ ಹೊತ್ತಿಗೆ ಲೈಬ್ರರಿಯ ವಿಳಾಸವನ್ನು ಪ್ರೋಗ್ರಾಮಿನೊಳಗೇ ಬರೆಯುತ್ತದೆ, ಇನ್‌ಸ್ಟಾಲ್ ಮಾಡುವಾಗ ಅಳಿಸಿಬಿಡುತ್ತದೆ.

ಈಗ ಹೆಸರಿನ ಮಾತು. ನಮ್ಮೂರಿನವರಿಗೆ ಒಂದು ಜಾಗಕ್ಕೆ ಎರಡು ಹೆಸರು ಇರುವುದು ಹೊಸತಲ್ಲ. ಕನ್ನಡದಲ್ಲಿ ಬದಿಯಡ್ಕ, ಮಲಯಾಳದಲ್ಲಿ ಬದಿಯಡುಕ್ಕ. ಇಲ್ಲಿ ಮಂಜೇಶ್ವರ, ಅಲ್ಲಿ ಮಂಜೇಶ್ವರಂ. ಬಸ್ಸಿನ ಬೋರ್ಡಿನಲ್ಲಿ ಯಾವುದಿದ್ದರೂ ನಾವು ಹತ್ತುತ್ತೇವೆ. ಲೋಡರ್ ಹತ್ತುವುದಿಲ್ಲ. ಅವನಿಗೆ ಅಕ್ಷರಕ್ಕೆ ಅಕ್ಷರ ಸರಿಯಾಗಬೇಕು.

ಲೈಬ್ರರಿಗೆ ಹೆಸರು ಎರಡಲ್ಲ, ಮೂರು. ನಿಜವಾದ ಫೈಲಿನ ಹೆಸರು ಉದ್ದದ್ದು, .ಎಸ್‌ಒ.5 ಆದ ಮೇಲೆ ಇನ್ನೂ ಎರಡು ಅಂಕೆ ಇರುತ್ತವೆ. ಅದರ ಮೇಲೆ ಒಂದು ಸಿಮ್‌ಲಿಂಕ್, ಅಂದರೆ ಆ ಫೈಲಿನ ಕಡೆ ಕೈತೋರಿಸುವ ಇನ್ನೊಂದು ಹೆಸರು, ಲಿಬ್‌ಟೆಸರಾಕ್ಟ್.ಎಸ್‌ಒ.5 ಅಂತ. ಇದಕ್ಕೆ ಸೊನೇಮ್ ಅನ್ನುತ್ತಾರೆ. ಓಡಿಸುವಾಗ ಲೋಡರ್ ಕೇಳುವುದು ಇದನ್ನೇ. ಮೂರನೆಯದು ಅಂಕೆಯೇ ಇಲ್ಲದ ಲಿಬ್‌ಟೆಸರಾಕ್ಟ್.ಎಸ್‌ಒ. ಅದು ಲಿಂಕರಿಗೆ, ಅಂದರೆ ಕಟ್ಟುವವರಿಗೆ ಮಾತ್ರ. ಉಬುಂಟು, ಡೆಬಿಯನ್‌ಗಳಲ್ಲಿ ಹೈಫನ್ ಡೆವ್ ಅಂತ ಕೊನೆಯಾಗುವ ಪ್ಯಾಕೇಜುಗಳನ್ನು ನೋಡಿರುತ್ತೀರಿ. ಈ ಮೂರನೆಯ ಹೆಸರು ಬರುವುದು ಅವುಗಳಲ್ಲಿ.

ಸೊನೇಮಿನ ಅಂಕೆ ಸುಮ್ನೆ ಇಟ್ಟದ್ದಲ್ಲ. ಹಳೆಯ ಪ್ರೋಗ್ರಾಮುಗಳ ಜೊತೆ ಹೊಂದದ ಹಾಗೆ ಲೈಬ್ರರಿ ಬದಲಾದಾಗ ಅದನ್ನು ಬರೆದವರು ಆ ಅಂಕೆಯನ್ನು ಏರಿಸುತ್ತಾರೆ. 4ನ್ನು ನಂಬಿ ಕಟ್ಟಿದ ಪ್ರೋಗ್ರಾಮಿಗೆ 5 ಕೊಟ್ಟರೆ ಸರಿಯಾಗುವುದಿಲ್ಲ ಎಂಬ ಎಚ್ಚರಿಕೆ ಅದು. ಹಾಗಾಗಿಯೇ ಮಾಷ್ಟ್ರ ಕಂಪ್ಯೂಟರಿನಲ್ಲಿ ಹಳೆಯ ಟೆಸರಾಕ್ಟ್ 4 ಮತ್ತು ಹೊಸ 5 ಜಗಳವಿಲ್ಲದೆ ಒಟ್ಟಿಗೆ ಇರಬಹುದು.

ಇಷ್ಟು ಹೇಳಿ, ಮಾಷ್ಟ್ರಿಗೆ ಮೊದಲ ಕೆಲಸ ಕೊಟ್ಟೆ. "ಎಲ್‌ಡಿಡಿ ಅಂತ ಹೊಡೆಯಿರಿ ಮಾಷ್ಟ್ರೇ. ಸ್ಪೇಸ್ ಬಿಟ್ಟು /ಯುಎಸ್ಆರ್/ಲೋಕಲ್/ಬಿನ್/ಟೆಸರಾಕ್ಟ್."

ಉದ್ದದ ಪಟ್ಟಿ ಬಂತು. ಎಡಗಡೆ ಬೇಕಾದ ಲೈಬ್ರರಿಯ ಹೆಸರು, ಬಾಣದ ಗುರುತು, ಬಲಗಡೆ ಸಿಕ್ಕಿದ ಜಾಗ. ಲಿಬ್‌ಲೆಪ್ಟ್.ಎಸ್‌ಒ.5ರ ಎದುರು ಚೆಂದದ ವಿಳಾಸ ಇದೆ, ಯಾಕೆಂದರೆ ಲೆಪ್ಟೋನಿಕಾ ಎಂಬ ಆ ಚಿತ್ರ ಲೈಬ್ರರಿಯನ್ನು ಅವರು ಉಬುಂಟು ಪ್ಯಾಕೇಜಿನಿಂದಲೇ ಹಾಕಿದ್ದರು. ಲಿಬ್‌ಟೆಸರಾಕ್ಟ್.ಎಸ್‌ಒ.5ರ ಎದುರು ಮಾತ್ರ "ನಾಟ್ ಫೌಂಡ್". ಅಲ್ಲಿಗೆ ರೋಗ ಎಲ್ಲಿದೆ ಅಂತ ಗೊತ್ತಾಯಿತು. ಒಂದೇ ಒಂದು ಲೈಬ್ರರಿ ಸಿಗುತ್ತಿಲ್ಲ, ಅದೂ ತಾವೇ ಕಟ್ಟಿದ್ದು.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಎಲ್ಲಿಂದಲೋ ಬಂದ, ನಂಬಿಕೆ ಇಲ್ಲದ ಪ್ರೋಗ್ರಾಮಿನ ಮೇಲೆ ಎಲ್‌ಡಿಡಿ ಓಡಿಸಬೇಡಿ. ಕೆಲವು ಸಂದರ್ಭಗಳಲ್ಲಿ ಅದು ಆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು. ಅಂಥದ್ದಕ್ಕೆ ಆಬ್ಜ್‌ಡಂಪ್ ಹೈಫನ್ ಪಿ ಅಥವಾ ರೀಡ್‌ಎಲ್ಫ್ ಹೈಫನ್ ಡಿ ಒಳ್ಳೆಯದು. ಅವು ಫೈಲನ್ನು ಓದುತ್ತವೆ ಅಷ್ಟೇ, ಓಡಿಸುವುದಿಲ್ಲ. "ನೀಡೆಡ್" ಎಂದಿರುವ ಸಾಲುಗಳೇ ಬೇಕಾದ ಲೈಬ್ರರಿಗಳು.

ಇನ್ನು ಹುಡುಕುವ ದಾರಿ. ಲೋಡರ್ ಮೊದಲು ಪ್ರೋಗ್ರಾಮಿನೊಳಗೆ ಆರ್‌ಪಾತ್ ಅಂತ ಬರೆದ ವಿಳಾಸ ಇದೆಯೇ ನೋಡುತ್ತಾನೆ. ಆಮೇಲೆ ಎಲ್‌ಡಿ_ಲೈಬ್ರರಿ_ಪಾತ್ ಎಂಬ ವೇರಿಯಬಲ್, ಅಂದರೆ ಟರ್ಮಿನಲಿನಲ್ಲಿ ನಾವು ಬೆಲೆ ಕೊಟ್ಟಿಡುವ ಒಂದು ಹೆಸರು. ಇದು ಪೂರ್ತಿ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್. ಆಮೇಲೆ ಪ್ರೋಗ್ರಾಮಿನೊಳಗಿನ ರನ್‌ಪಾತ್. ರನ್‌ಪಾತ್ ಇದ್ದರೆ ಆರ್‌ಪಾತ್‌ಗೆ ಬೆಲೆಯೇ ಇಲ್ಲ. ಆಮೇಲೆ /ಇಟಿಸಿ/ಎಲ್‌ಡಿ.ಎಸ್‌ಒ.ಕ್ಯಾಶ್ ಎಂಬ ಫೈಲ್. ಕೊನೆಗೆ /ಲಿಬ್ ಮತ್ತು /ಯುಎಸ್ಆರ್/ಲಿಬ್. ಹೆಚ್ಚಿನ ಪ್ರೋಗ್ರಾಮುಗಳ ಹೆಚ್ಚಿನ ಲೈಬ್ರರಿಗಳು ಸಿಗುವುದು ಆ ಕ್ಯಾಶ್ ಫೈಲಿನಿಂದ. ನಾನು ಮೊದಲು ಹೇಳಿದ ಪಾತ್ರೆಯ ಪುಸ್ತಕ ಇದೇ.

ಲೋಡರ್ ಪ್ರತಿ ಸಲವೂ ಎಲ್ಲ ಫೋಲ್ಡರುಗಳನ್ನು ತಡಕಾಡಿದರೆ ತಡವಾಗುತ್ತದೆ. ಅದಕ್ಕೆ ಯಾವ ಲೈಬ್ರರಿ ಎಲ್ಲಿದೆ ಅಂತ ಮೊದಲೇ ಬರೆದಿಟ್ಟ ಪುಸ್ತಕ ನೋಡುತ್ತಾನೆ. ಪುಸ್ತಕ ಬರೆಯುವ ಗುಮಾಸ್ತನ ಹೆಸರು ಎಲ್‌ಡಿಕಾನ್ಫಿಗ್. ಅವನು /ಇಟಿಸಿ/ಎಲ್‌ಡಿ.ಎಸ್‌ಒ.ಕಾನ್ಫ್ ನೋಡಿ, ಅದರ ಜೊತೆಗಿರುವ .ಡಿ ಫೋಲ್ಡರಿನ ಕಾನ್ಫ್ ಫೈಲುಗಳನ್ನು ನೋಡಿ, ಅಲ್ಲಿ ಹೇಳಿದ ಫೋಲ್ಡರುಗಳಿಗೆಲ್ಲ ಒಂದು ಸುತ್ತು ಹೋಗಿಬರುತ್ತಾನೆ. ಸಿಕ್ಕಿದ್ದನ್ನು ಬರೆಯುತ್ತಾನೆ, ಸೊನೇಮಿನ ಸಿಮ್‌ಲಿಂಕ್ ಇಲ್ಲದಿದ್ದರೆ ಮಾಡಿಡುತ್ತಾನೆ. ಆದರೆ ಕರೆಯದೆ ಬರುವುದಿಲ್ಲ. ಹೊಸ ಪಾತ್ರೆ ತಂದು ಉಗ್ರಾಣದಲ್ಲಿಟ್ಟರೆ ಸಾಲದು, ಪುಸ್ತಕದಲ್ಲಿ ಬರೆಸಬೇಕು. ಬರೆಸದಿದ್ದರೆ ಕೇಳಿದವರಿಗೆ "ಇಲ್ಲ" ಎಂಬ ಉತ್ತರವೇ. ಪಾತ್ರೆ ಕಣ್ಣೆದುರು ಹೊಳೆಯುತ್ತಿದ್ದರೂ.

ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿಕೊಡುವ ಏಪ್ಟ್‌ನಿಂದ ಹಾಕಿದಾಗ ಈ ಕಷ್ಟ ಬರುವುದಿಲ್ಲ. ಪ್ಯಾಕೇಜ್ ಹಾಕಿದ ಮೇಲೆ ಅದೇ ಎಲ್‌ಡಿಕಾನ್ಫಿಗ್ ಕರೆಯುತ್ತದೆ. ಮೇಕ್ ಇನ್‌ಸ್ಟಾಲ್ ಮಾಡಿದಾಗ ಲಿಬ್‌ಟೂಲ್ ಕರೆಯುವುದು ಎಲ್‌ಡಿಕಾನ್ಫಿಗ್ ಹೈಫನ್ ಎನ್. ಅದರಲ್ಲಿ ಸಿಮ್‌ಲಿಂಕ್ ಆಗುತ್ತದೆ, ಪುಸ್ತಕ ಬರೆಯುವುದಿಲ್ಲ! ಹಾಗಾಗಿ ಫೋಲ್ಡರಿನಲ್ಲಿ ನೋಡಿದರೆ ಎಲ್ಲ ಸರಿಯಾಗಿ ಕಾಣುತ್ತದೆ, ಓಡಿಸಿದರೆ ಮಾತ್ರ ಇಲ್ಲ. ಅನ್ಯಾಯ ಹೇಳಬಾರದು, ಲಿಬ್‌ಟೂಲ್ ಇದನ್ನು ಬಾಯಿಬಿಟ್ಟು ಹೇಳುತ್ತದೆ. ಮೇಕ್ ಇನ್‌ಸ್ಟಾಲ್ ಓಡುವಾಗ ಡ್ಯಾಶ್ ಗೆರೆಗಳ ನಡುವೆ "ಲೈಬ್ರರಿಗಳನ್ನು ಇಲ್ಲಿ ಹಾಕಿದ್ದೇನೆ, ಬಳಸಬೇಕಿದ್ದರೆ ಇವುಗಳಲ್ಲಿ ಒಂದನ್ನು ಮಾಡಿ" ಎಂಬ ಅರ್ಥದ ದೊಡ್ಡ ಸೂಚನೆ ಹಾದುಹೋಗುತ್ತದೆ. ಓದುವವರು ಯಾರು? ನೂರಾರು ಸಾಲು ಓಡುವಾಗ ನಾವು ಚಾ ಕುಡಿಯಲು ಎದ್ದಿರುತ್ತೇವೆ.

"ಸುಡೋ ಎಲ್‌ಡಿಕಾನ್ಫಿಗ್ ಅಂತ ಹೊಡೆಯಿರಿ," ಅಂದೆ. ಸುಡೋ ಅಂದರೆ ಸಿಸ್ಟಮ್ಮಿನ ಯಜಮಾನನ ಅಧಿಕಾರದಲ್ಲಿ ಓಡಿಸುವುದು.

"ಮತ್ತೆ?"

"ಮತ್ತೆ ಎಂತ ಇಲ್ಲ. ಈಗ ಓಡಿಸಿ ನೋಡಿ."

ಅರ್ಧ ನಿಮಿಷ ಮಾತಿಲ್ಲ. ಆಮೇಲೆ, "ಛೆ! ಇಷ್ಟಕ್ಕೆ ನಾನು ಮಧ್ಯಾಹ್ನದಿಂದ ಕೂತದ್ದಾ?"

ಉಬುಂಟು, ಡೆಬಿಯನ್‌ಗಳಲ್ಲಿ ಇಷ್ಟೇ ಸಾಕು. ಅಲ್ಲಿ ಲಿಬ್‌ಸಿ.ಕಾನ್ಫ್ ಎಂಬ ಫೈಲಿನಲ್ಲಿ /ಯುಎಸ್ಆರ್/ಲೋಕಲ್/ಲಿಬ್ ಮೊದಲೇ ಬರೆದಿದೆ. ಫೆಡೋರಾದಲ್ಲಿ ಹಾಗೆ ಬರೆದಿರುವುದಿಲ್ಲ. ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಫೋಲ್ಡರಿನಲ್ಲಿ ನಾವೇ ಒಂದು ಕಾನ್ಫ್ ಫೈಲ್ ಮಾಡಿ, ಆ ಒಂದು ಸಾಲು ಬರೆದು, ಆಮೇಲೆ ಎಲ್‌ಡಿಕಾನ್ಫಿಗ್ ಓಡಿಸಬೇಕು. ಲೈಬ್ರರಿ ಹೋಗಿ ಕೂತಿರುವುದು ಲಿಬ್‌ಗೋ ಲಿಬ್64ಗೋ ಅಂತಲೂ ನೋಡಿಕೊಳ್ಳಿ. ಪುಸ್ತಕದಲ್ಲಿ ಏನಿದೆ ಅಂತ ಓದಬೇಕಿದ್ದರೆ ಎಲ್‌ಡಿಕಾನ್ಫಿಗ್ ಹೈಫನ್ ಪಿ. ಸಾವಿರ ಸಾಲು ಬರಬಹುದು, ಗ್ರೆಪ್ ಹಾಕಿ ನಿಮಗೆ ಬೇಕಾದ ಹೆಸರು ಮಾತ್ರ ಹೆಕ್ಕಿ.

ಅಷ್ಟರಲ್ಲಿ ಮಾಷ್ಟ್ರಿಂದ ಇನ್ನೊಂದು ದೂರು. ಈಗ ಲೈಬ್ರರಿ ಸಿಕ್ಕಿತು, ಆದರೆ ಕನ್ನಡದ ಡೇಟಾ ಫೈಲ್ ಸಿಗುವುದಿಲ್ಲವಂತೆ. ಇದು ಲೋಡರಿನ ವಿಷಯ ಅಲ್ಲ, ಆದರೆ ಅದರ ಅಣ್ಣತಮ್ಮ. ಉಬುಂಟುವಿನ ಪ್ಯಾಕೇಜ್ ಭಾಷೆಯ ಫೈಲುಗಳನ್ನು /ಯುಎಸ್ಆರ್/ಶೇರ್ ಕೆಳಗಿನ ಟೆಸರಾಕ್ಟ್-ಒಸಿಆರ್ ಫೋಲ್ಡರಿನಲ್ಲಿ ಇಡುತ್ತದೆ. ನಾವು ಕಟ್ಟಿದ್ದು ನೋಡುವುದು /ಯುಎಸ್ಆರ್/ಲೋಕಲ್/ಶೇರ್/ಟೆಸ್‌ಡೇಟಾದಲ್ಲಿ. ಕನ್ನಡದ ಟ್ರೇನ್ಡ್‌ಡೇಟಾ ಫೈಲನ್ನು ಅಲ್ಲಿಗೆ ಕಾಪಿ ಮಾಡಿಸಿದೆ. ನಾವು ಕಟ್ಟಿದ ಸಾಫ್ಟ್‌ವೇರ್ ತನ್ನದೇ ಬೇರೆ ಬಿಡಾರ ಹೂಡುತ್ತದೆ, ಸಾಮಾನನ್ನೂ ಆ ಬಿಡಾರದಲ್ಲೇ ಹುಡುಕುತ್ತದೆ.

ಸುಡೋ ಪಾಸ್‌ವರ್ಡ್ ಇದ್ದವರ ಕತೆ ಇದು. ಇಲ್ಲದವರದ್ದು ಬೇರೆ. ಲ್ಯಾಬಿನ ಕಂಪ್ಯೂಟರಿನಲ್ಲಿ ಕೂತ ವಿದ್ಯಾರ್ಥಿ ಪ್ರಿಫಿಕ್ಸ್, ಅಂದರೆ ಇನ್‌ಸ್ಟಾಲ್ ಆಗುವ ಜಾಗ, ಬದಲಾಯಿಸಿ ತನ್ನ ಹೋಮ್ ಫೋಲ್ಡರಿನಲ್ಲೇ ಸಾಫ್ಟ್‌ವೇರ್ ಕಟ್ಟಿಕೊಳ್ಳಬಹುದು. ಆದರೆ ಗುಮಾಸ್ತ ಅವನ ಮಾತು ಕೇಳುವುದಿಲ್ಲ. ಆಗ ಎಲ್ಲರೂ ಹೇಳುವ ಮದ್ದು ಎಲ್‌ಡಿ_ಲೈಬ್ರರಿ_ಪಾತ್. ಹೋಮ್ ಫೋಲ್ಡರಿನ ಲಿಬ್ ಅನ್ನು ಅದರಲ್ಲಿ ಬರೆದರೆ ಲೋಡರ್ ಅಲ್ಲಿ ನೋಡುತ್ತಾನೆ. ಆಜ್ಞೆಯ ಎದುರಿಗೇ ಬರೆದು ಒಂದು ಸಲ ಓಡಿಸಿ ನೋಡಲು ಇದಕ್ಕಿಂತ ಒಳ್ಳೆಯದು ಇಲ್ಲ. ಅದರಿಂದ ಓಡಿತು ಅಂದರೆ ಲೈಬ್ರರಿ ಸರಿ ಇದೆ, ವಿಳಾಸ ಮಾತ್ರ ತಪ್ಪಿದೆ ಅಂತ ಖಾತ್ರಿ.

ಅದನ್ನು ಟರ್ಮಿನಲ್ ತೆರೆದಾಗಲೆಲ್ಲ ಓದಲ್ಪಡುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಬರೆದಿಟ್ಟು ಮರೆಯುವುದು ಮಾತ್ರ ಬೇಡ. ನಾನು ಮರೆತಿದ್ದೆ. ಯಾವುದೋ ಮ್ಯಾಪ್ ಸಾಫ್ಟ್‌ವೇರಿಗೆ ಅಂತ ಬರೆದದ್ದು. ತಿಂಗಳುಗಳ ನಂತರ, ಅದಕ್ಕೆ ಸಂಬಂಧವೇ ಇಲ್ಲದ ಒಂದು ಚಿತ್ರ ತಿದ್ದುವ ಪ್ರೋಗ್ರಾಮ್ "ಅನ್‌ಡಿಫೈನ್ಡ್ ಸಿಂಬಲ್" ಅಂತ ಸತ್ತುಬಿದ್ದಿತು. ಸಿಂಬಲ್ ಅಂದರೆ ಲೈಬ್ರರಿಯೊಳಗಿನ ಫಂಕ್ಷನ್ ಮುಂತಾದವುಗಳ ಹೆಸರು. ಅಳಿಸಿ ಹಾಕಿದೆ, ಮತ್ತೆ ಹಾಕಿದೆ, ಸಿಸ್ಟಮ್ ಅಪ್‌ಡೇಟ್ ಮಾಡಿದೆ. ಎರಡು ದಿನ ಹೋಯಿತು. ಕೊನೆಗೆ ನೋಡಿದರೆ, ಆ ಪ್ರೋಗ್ರಾಮ್ ಸಿಸ್ಟಮ್ಮಿನ ಹೊಸ ಲೈಬ್ರರಿ ಬಿಟ್ಟು ನನ್ನ ಹೋಮ್ ಫೋಲ್ಡರಿನಲ್ಲಿ ಬಿದ್ದಿದ್ದ ಅದೇ ಸೊನೇಮಿನ ಹಳೆಯ ಲೈಬ್ರರಿಯನ್ನು ಎತ್ತಿಕೊಳ್ಳುತ್ತಿತ್ತು. ಆ ವೇರಿಯಬಲ್ ನಿಮ್ಮ ಒಂದು ಪ್ರೋಗ್ರಾಮಿಗೆ ಮಾತ್ರ ಅಲ್ಲ, ಆ ಶೆಲ್ಲಿನಿಂದ ಹೊರಟ ಎಲ್ಲದಕ್ಕೂ ತಗುಲುತ್ತದೆ. ಕ್ಯಾಶಿಗಿಂತ ಮೊದಲೇ ತಗುಲುತ್ತದೆ.

ಅದರಲ್ಲಿ ಇನ್ನೊಂದು ಮುಳ್ಳೂ ಇದೆ. ಹೊಸ ಫೋಲ್ಡರ್, ಕೋಲನ್, ಆಮೇಲೆ ಹಳೆಯ ಬೆಲೆ, ಹೀಗೆ ಬರೆಯುವುದು ರೂಢಿ. ಹಳೆಯ ಬೆಲೆ ಖಾಲಿ ಇದ್ದರೆ ಕೋಲನ್ ಆದ ಮೇಲೆ ಏನೂ ಉಳಿಯುವುದಿಲ್ಲ. ಆ ಖಾಲಿ ಜಾಗವನ್ನು ಲೋಡರ್ "ನೀನು ಈಗ ನಿಂತಿರುವ ಫೋಲ್ಡರ್" ಅಂತ ಓದುತ್ತಾನೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ನಿಂತು ಏನಾದರೂ ಓಡಿಸಿದರೆ, ಅಲ್ಲಿ ಬಿದ್ದಿರುವ ಯಾವುದೋ ಎಸ್‌ಒ ಫೈಲ್ ನುಗ್ಗಬಹುದು. ಇನ್ನೊಂದು ಮಾತು. ಸುಡೋ ಹಾಕಿ ಓಡಿಸಿದರೆ ಈ ವೇರಿಯಬಲ್ ಸಾಮಾನ್ಯವಾಗಿ ದಾಟುವುದೇ ಇಲ್ಲ. "ನನಗೆ ಓಡ್ತದೆ, ಸುಡೋ ಹಾಕಿದರೆ ಓಡುವುದಿಲ್ಲ" ಎಂಬ ದೂರು ಕೇಳಿದರೆ ಮೊದಲು ಇದನ್ನೇ ನೋಡಿ.

ಹಾಗಾದರೆ ಹೋಮ್ ಫೋಲ್ಡರಿನಲ್ಲಿ ಕಟ್ಟಿದವರು ಏನು ಮಾಡಬೇಕು? ನನ್ನ ಕೇಳಿದರೆ ರನ್‌ಪಾತ್. ವಿಳಾಸವನ್ನು ಪ್ರೋಗ್ರಾಮಿನ ಜೇಬಿನಲ್ಲೇ ಇಟ್ಟುಬಿಡುವುದು. ಕಟ್ಟುವಾಗಲೇ ಲಿಂಕರಿಗೆ ಆರ್‌ಪಾತ್ ಆಯ್ಕೆ ಕೊಡಬಹುದು. ಆಯ್ಕೆಯ ಹೆಸರು ಹಳೆಯದು, ಉಬುಂಟುವಿನಲ್ಲಿ ಅದು ಬರೆಯುವುದು ರನ್‌ಪಾತನ್ನೇ. ಸಿಮೇಕ್ ಆದರೆ ಸಿಮೇಕ್_ಇನ್‌ಸ್ಟಾಲ್_ಆರ್‌ಪಾತ್, ಇದೂ ದೊಡ್ಡಕ್ಷರ. ಕಟ್ಟಿ ಆಗಿಹೋಗಿದ್ದರೆ ಪ್ಯಾಚ್‌ಎಲ್ಫ್ ಎಂಬ ಸಣ್ಣ ಸಲಕರಣೆ ಇದೆ. ಅದರ ಸೆಟ್-ಆರ್‌ಪಾತ್ ಆಯ್ಕೆಯಿಂದ ಆಮೇಲೂ ಬರೆಯಬಹುದು. ವಿಳಾಸದ ಜಾಗದಲ್ಲಿ $ಒರಿಜಿನ್ ಎಂಬ ಮಾತು ಬಳಸಿದರೆ ಇನ್ನೂ ಚೆಂದ. ಅದರ ಅರ್ಥ "ಈ ಪ್ರೋಗ್ರಾಮ್ ಎಲ್ಲಿದೆಯೋ ಆ ಫೋಲ್ಡರ್". $ಒರಿಜಿನ್/../ಲಿಬ್ ಅಂತ ಬರೆದರೆ, ಬಿನ್ ಮತ್ತು ಲಿಬ್ ಅಕ್ಕಪಕ್ಕ ಇರುವ ಪೂರ್ತಿ ಫೋಲ್ಡರನ್ನು ಎಲ್ಲಿಗೆ ಎತ್ತಿಕೊಂಡು ಹೋದರೂ ಓಡುತ್ತದೆ. ಆ ಮಾತು ದೊಡ್ಡಕ್ಷರದಲ್ಲಿರಬೇಕು. ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಲು ಮರೆಯಬೇಡಿ, ಇಲ್ಲದಿದ್ದರೆ ಶೆಲ್ ಅದನ್ನು ತನ್ನ ವೇರಿಯಬಲ್ ಅಂತ ತಿಳಿದು ನುಂಗಿಬಿಡುತ್ತದೆ.

ರನ್‌ಪಾತ್‌ನಲ್ಲೂ ಒಂದು ಕೊಂಕು ಇದೆ. ಅದು ಪ್ರೋಗ್ರಾಮ್ ನೇರವಾಗಿ ಕೇಳಿದ ಲೈಬ್ರರಿಗಳಿಗೆ ಮಾತ್ರ. ಆ ಲೈಬ್ರರಿ ಇನ್ನೊಂದು ಲೈಬ್ರರಿ ಕೇಳಿದರೆ, ಅದರ ಜೇಬಿನಲ್ಲಿ ಅದರದ್ದೇ ವಿಳಾಸ ಇರಬೇಕು. ಮಾಷ್ಟ್ರು ಲೆಪ್ಟೋನಿಕಾವನ್ನೂ ಹೋಮ್ ಫೋಲ್ಡರಿನಲ್ಲಿ ಕಟ್ಟಿದ್ದರೆ, ಟೆಸರಾಕ್ಟ್ ಪ್ರೋಗ್ರಾಮಿಗೂ ಬರೆಯಬೇಕು, ಟೆಸರಾಕ್ಟ್ ಲೈಬ್ರರಿಗೂ ಬರೆಯಬೇಕು. ಹಳೆಯ ಆರ್‌ಪಾತ್ ಹೀಗಲ್ಲ, ಅದು ಮೊಮ್ಮಕ್ಕಳವರೆಗೂ ಸಲ್ಲುತ್ತಿತ್ತು.

ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುವ ಒಂದು ಸಲಹೆಯ ಬಗ್ಗೆ ನನಗೆ ಸಿಟ್ಟು ಜಾಸ್ತಿ. ".ಎಸ್‌ಒ.5 ಇಲ್ಲವೇ? ನಿಮ್ಮಲ್ಲಿ .ಎಸ್‌ಒ.6 ಇದೆಯಲ್ಲ, ಅದಕ್ಕೆ 5 ಅಂತ ಒಂದು ಸಿಮ್‌ಲಿಂಕ್ ಕೊಡಿ, ಆಯಿತು." ಎರರ್ ಹೋಗುತ್ತದೆ, ನಿಜ. ಆದರೆ ಅಂಕೆ ಏರಿಸಿದ್ದೇ ಇವೆರಡೂ ಹೊಂದುವುದಿಲ್ಲ ಅಂತ ಹೇಳಲು. ಅದೃಷ್ಟ ಇದ್ದರೆ ಕೂಡಲೇ ಸಿಂಬಲ್ ಇಲ್ಲ ಅಂತ ನಿಲ್ಲುತ್ತದೆ. ಅದೃಷ್ಟ ಇಲ್ಲದಿದ್ದರೆ ಓಡುತ್ತದೆ, ನೂರು ಪುಟ ಆದ ಮೇಲೆ ಸಾಯುತ್ತದೆ, ಅಥವಾ ತಪ್ಪು ಉತ್ತರ ಕೊಡುತ್ತದೆ. ಲೈಬ್ರರಿಯನ್ನು /ಯುಎಸ್ಆರ್/ಲಿಬ್‌ಗೆ ಕೈಯಾರೆ ಕಾಪಿ ಮಾಡುವುದೂ ಅಂಥದ್ದೇ. ಅದು ಪ್ಯಾಕೇಜ್ ಮ್ಯಾನೇಜರಿನ ಜಾಗ. ನಾವು ಹಾಕಿದ್ದು ಅದರ ಲೆಕ್ಕದಲ್ಲಿ ಇರುವುದಿಲ್ಲ, ನಾಳೆ ತೆಗೆಯುವವರಿಗೆ ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ.

ಹೋಲುವ ಬೇರೆ ಎರರುಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. "ರಾಂಗ್ ಎಲ್ಫ್ ಕ್ಲಾಸ್" ಅಂದರೆ ಫೈಲ್ ಸಿಕ್ಕಿದೆ, ಆದರೆ ಒಂದು 32 ಬಿಟ್, ಇನ್ನೊಂದು 64 ಬಿಟ್. ಲೈಬ್ರರಿಯ ಹೆಸರೇ ಹೇಳದೆ, ಕಣ್ಣೆದುರು ಇರುವ ಪ್ರೋಗ್ರಾಮನ್ನೇ "ನೋ ಸಚ್ ಫೈಲ್" ಅಂತ ಶೆಲ್ ಹೇಳಿದರೆ, ಹೆಚ್ಚಾಗಿ ಆ ಪ್ರೋಗ್ರಾಮ್ ಕೇಳುವ ಲೋಡರೇ ಆ ಕಂಪ್ಯೂಟರಿನಲ್ಲಿ ಇಲ್ಲ. ಆಲ್ಪೈನ್ ಲಿನಕ್ಸಿನಲ್ಲಿ ಉಬುಂಟುವಿನ ಪ್ರೋಗ್ರಾಮ್ ಓಡಿಸಲು ಹೋದವರಿಗೆ ಇದು ಗೊತ್ತು. ಅಲ್ಲಿಯ ಸಿ ಲೈಬ್ರರಿ ಮಸಲ್, ನಮ್ಮದು ಜಿಲಿಬ್‌ಸಿ. ಲೋಡರುಗಳೂ ಬೇರೆ.

ಜಿಲಿಬ್‌ಸಿ ಮಾತ್ರ ಸ್ವಲ್ಪ ನಿಂತು ನೋಡಬೇಕಾದದ್ದು. ಮಾಷ್ಟ್ರಿಗೆ ಮತ್ತೆ ಈ ಕಷ್ಟ ಬೇಡ ಅಂತ ನಾನು ಮುಂದಿನ ವಾರ ನನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಟೆಸರಾಕ್ಟ್ ಕಟ್ಟಿ, ಪೆನ್‌ಡ್ರೈವಿನಲ್ಲಿ ಹಾಕಿ ಬಸ್ಸು ಹತ್ತಿದೆ. ದೊಡ್ಡ ಜಾಣನ ಹಾಗೆ $ಒರಿಜಿನ್ ಎಲ್ಲ ಬರೆದಿದ್ದೆ. ಅವರ ಕಂಪ್ಯೂಟರಿನಲ್ಲಿ ಓಡಿಸಿದರೆ "ವರ್ಶನ್ ಜಿಲಿಬ್‌ಸಿ_2.38 ನಾಟ್ ಫೌಂಡ್". ನನ್ನದು ಉಬುಂಟು 24.04, ಅದರಲ್ಲಿ ಜಿಲಿಬ್‌ಸಿ 2.39. ಅವರದ್ದು 22.04, ಅದರಲ್ಲಿ 2.35. ಸೊನೇಮ್ ಎರಡೂ ಕಡೆ ಒಂದೇ, ಲಿಬ್‌ಸಿ.ಎಸ್‌ಒ.6. ಆದರೆ ಜಿಲಿಬ್‌ಸಿ ತನ್ನ ಒಂದೊಂದು ಫಂಕ್ಷನಿಗೂ ಹುಟ್ಟಿದ ವರ್ಶನ್ ಅಂಟಿಸಿಡುತ್ತದೆ. ಹೊಸದರಲ್ಲಿ ಕಟ್ಟಿದರೆ ಹೊಸ ಫಂಕ್ಷನ್ ಸೇರಿಕೊಳ್ಳುತ್ತದೆ. ನಾವು ಕೋಡಿನಲ್ಲಿ ಹೊಸತೇನೂ ಬರೆದಿರಬೇಕೆಂದಿಲ್ಲ. ಸ್ಟ್ರಿಂಗನ್ನು ಅಂಕೆ ಮಾಡುವ ಎಸ್‌ಟಿಆರ್‌ಟಿಒಎಲ್ ಎಂಬ ಹಳೆಯ ಫಂಕ್ಷನ್ ಕರೆದರೂ ಸಾಕು, 2.38ರ ನಂತರ ಅದು ಒಳಗೊಳಗೇ ಹೊಸ ಹೆಸರಿನ ಸಿಂಬಲ್ಲಿಗೆ ತಿರುಗಿಬಿಡುತ್ತದೆ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುವುದಿಲ್ಲ. ಇದಕ್ಕೆ ಎಲ್‌ಡಿಕಾನ್ಫಿಗ್ ಮದ್ದಲ್ಲ, ಜಿಲಿಬ್‌ಸಿಯನ್ನು ಕಿತ್ತು ಬೇರೆ ಹಾಕುವುದಂತೂ ಮದ್ದೇ ಅಲ್ಲ. ಅದನ್ನು ಮುಟ್ಟಿದರೆ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕೂಡ ಓಡದ ಸ್ಥಿತಿ ಬರಬಹುದು. ಅಲ್ಲೇ ಕೂತು ಅವರ ಕಂಪ್ಯೂಟರಿನಲ್ಲೇ ಕಟ್ಟಿದೆ. ಮಾಷ್ಟ್ರು ಮಾತಾಡಲಿಲ್ಲ, ಕಣ್ಣಲ್ಲಿ ಮಾತ್ರ ಸ್ವಲ್ಪ ನಗು ಇತ್ತು.

ಏನೂ ಅರ್ಥವಾಗದ ದಿನಕ್ಕೆ ಒಂದು ಕೊನೆಯ ಆಯುಧ ಇದೆ. ಆಜ್ಞೆಯ ಎದುರಿಗೆ ಎಲ್‌ಡಿ_ಡಿಬಗ್=ಲಿಬ್ಸ್ ಅಂತ ಬರೆದು ಓಡಿಸಿ. ಎಲ್‌ಡಿ_ಡಿಬಗ್ ದೊಡ್ಡಕ್ಷರ, ಲಿಬ್ಸ್ ಸಣ್ಣಕ್ಷರ. ಲೋಡರ್ ತಾನು ಹೋದ ದಾರಿಯನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗುತ್ತಾನೆ. ಈ ಲೈಬ್ರರಿ ಹುಡುಕುತ್ತಿದ್ದೇನೆ, ಈ ಪಾತ್ ನೋಡಿದೆ, ಕ್ಯಾಶ್ ನೋಡಿದೆ, ಈ ಫೈಲ್ ಪ್ರಯತ್ನಿಸಿದೆ ಅಂತ. ಅಂದು ಮಾಷ್ಟ್ರ ಮನೆಯಲ್ಲಿ ಇದನ್ನೊಮ್ಮೆ ಓಡಿಸಿ ತೋರಿಸಿದೆ. ತಾಳಮದ್ದಳೆ ಕೇಳುವವರ ಹಾಗೆ ಕೂತು ಸಾಲುಸಾಲು ಓದಿದರು. "ಪಾಪ, ಎಷ್ಟು ಕಡೆ ಹೋಗ್ತಾನೆ ಇವ," ಅಂದರು.

ಆಮೇಲೆ ಮೊದಲ ಪುಟ ಹಾಕಿದೆವು. ಭಾಮಿನಿಯ ಸಾಲುಗಳು ಚೆನ್ನಾಗಿ ಬಂದವು, ಒತ್ತಕ್ಷರ ಅಲ್ಲಲ್ಲಿ ತಪ್ಪಿತು. ಹಾಳೆಯ ಅಂಚಿನಲ್ಲಿ ಯಾರೋ ಮಲಯಾಳದಲ್ಲಿ ಅಚ್ಚಾದ ಒಂದು ಚೀಟಿ ಅಂಟಿಸಿದ್ದರು. ಆ ಜಾಗದಲ್ಲಿ ಮಾತ್ರ ತಲೆಬುಡ ಇಲ್ಲದ ಕನ್ನಡ ಅಕ್ಷರಗಳು.

"ಇದಕ್ಕೂ ಏನಾದರೂ ಕಾನ್ಫಿಗ್ ಉಂಟಾ?" ಅಂತ ಕೇಳಿದರು.

ಉಂಟು. ಮಲಯಾಳದ ಡೇಟಾ ಫೈಲನ್ನೂ ಅದೇ ಟೆಸ್‌ಡೇಟಾ ಫೋಲ್ಡರಿಗೆ ಹಾಕಿ, ಭಾಷೆಯ ಜಾಗದಲ್ಲಿ ಕೆಎಎನ್+ಎಂಎಎಲ್ ಅಂತ ಕೊಟ್ಟೆ.